ಎರಡು ಅಲಗಿನ ರೇಜರ್‌ಗೆ ಮರಳುವುದು ಹೇಗೆ? ಬೋರ್ ನೀರಿನ ಊರಿನವರಿಗೆ ಕಡಿಮೆ ಖರ್ಚಿನ ಸಮಗ್ರ ಮಾರ್ಗದರ್ಶಿ

ಮೊದಲು ಲೆಕ್ಕ ಮುಗಿಸೋಣ. ದಿನ ಬಿಟ್ಟು ದಿನ ದಾಡಿ ಮಾಡಿಕೊಂಡರೆ ವರ್ಷಕ್ಕೆ ಹೆಚ್ಚುಕಡಿಮೆ 180 ಸಲ ಆಗುತ್ತದೆ. ಹಿಡಿಕೆಯ ತುದಿಗೆ ಸಿಕ್ಕಿಸುವ ಮೂರು ಅಲಗಿನ ಕಾರ್ಟ್ರಿಜ್ ಒಂದಕ್ಕೆ 150 ರೂಪಾಯಿ ಹಿಡಿಯಿರಿ. ಅದು ಹತ್ತು ಸಲ ಬಂದರೆ ವರ್ಷಕ್ಕೆ 18 ಕಾರ್ಟ್ರಿಜ್ ಬೇಕು, ಅಂದರೆ 2,700 ರೂಪಾಯಿ. ವಾರಕ್ಕೆರಡು ಸಲ ಕಟಿಂಗ್ ಅಂಗಡಿಗೆ ಹೋಗಿ 50 ರೂಪಾಯಿ ಕೊಟ್ಟು ಬರುವವರಿಗೆ 5,200 ಆಗುತ್ತದೆ. ಎರಡೂ ಅಂಚು ಹರಿತವಿರುವ, ಹಳೇ ನಮೂನೆಯ ಎರಡು ಅಲಗಿನ ಬ್ಲೇಡಿಗೆ 3 ರೂಪಾಯಿ ಹಿಡಿದು, ಒಂದು ಬ್ಲೇಡ್ ನಾಲ್ಕು ಸಲ ಬಂದರೂ ವರ್ಷಕ್ಕೆ 45 ಬ್ಲೇಡ್, 135 ರೂಪಾಯಿ. ನಿಮ್ಮ ಓಣಿಯ ಅಂಗಡಿಯ ದರ ಹಾಕಿ ನೀವೇ ಕೂಡಿಸಿ ನೋಡಿ. ಅಂಕಿ ಆಚೀಚೆ ಆದೀತು, ಅಂತರ ಮಾತ್ರ ಅಳಿಸುವುದಿಲ್ಲ.

ಇಷ್ಟು ಅಗ್ಗವಾಗಲು ಕಾರಣವಿದೆ. ಕಿಂಗ್ ಕ್ಯಾಂಪ್ ಜಿಲೆಟ್ ಈ ರೇಜರ್ ಮಾರಲು ಶುರುಮಾಡಿದ್ದು 1903ರಲ್ಲಿ, ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಆ ಹಕ್ಕು ಮುಗಿದು ಎಷ್ಟೋ ಕಾಲವಾಯಿತು. ಈಗ ಯಾರು ಬೇಕಾದರೂ ಬ್ಲೇಡ್ ಮಾಡಬಹುದು, ಯಾವ ಕಂಪನಿಯ ಬ್ಲೇಡ್ ಆದರೂ ಯಾವ ಕಂಪನಿಯ ರೇಜರ್‌ಗಾದರೂ ಕೂರುತ್ತದೆ. ಕಾರ್ಟ್ರಿಜ್‌ನಲ್ಲಿ ಹಾಗಿಲ್ಲ. ಹಿಡಿಕೆ ಕೊಂಡ ದಿನವೇ ನೀವು ಆ ಕಂಪನಿಯ ಕಾಯಂ ಗಿರಾಕಿ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. 2010ರಲ್ಲಿ ಜಿಲೆಟ್ ಭಾರತಕ್ಕೆಂದೇ ಒಂದೇ ಅಲಗಿನ ‘ಗಾರ್ಡ್’ ಎಂಬ ಕಾರ್ಟ್ರಿಜ್ ರೇಜರ್ ತಂದಾಗ ರೇಜರ್‌ಗೆ 15, ಕಾರ್ಟ್ರಿಜ್‌ಗೆ 5 ರೂಪಾಯಿ ಇತ್ತು. ಬೆಲೆ ಈಗ ಏರಿದ್ದರೂ ಅದು ಅಗ್ಗದ ಸಾಮಾನೇ. ಅದನ್ನೇ ಬಳಸುತ್ತಿದ್ದು ಮುಖಕ್ಕೆ ತೊಂದರೆ ಇಲ್ಲದವರು ಬರೀ ದುಡ್ಡು ಉಳಿಸಲು ಇತ್ತ ಬರಬೇಕಿಲ್ಲ. ಒಂದರ ಹಿಂದೊಂದು ಎರಡು, ಮೂರು ಅಲಗು ಇರುವ ಕಾರ್ಟ್ರಿಜ್‌ನಿಂದ ಕುತ್ತಿಗೆಯಲ್ಲಿ ಗುಳ್ಳೆ ಏಳುವವರಿಗೆ, ಒಳಕ್ಕೆ ತಿರುಗಿ ಬೆಳೆಯುವ ಕೂದಲಿನ ಕಾಟ ಇರುವವರಿಗೆ ಇದರಿಂದ ನಿಜವಾದ ಲಾಭ ಆಗಬಹುದು.

ಹೊಸದಾಗಿ ಬರುವವರು ಮೊದಲು ಚಂದದ ರೇಜರ್ ಹುಡುಕಲು ಹೋಗುತ್ತಾರೆ. ನಮ್ಮ ಭಾಗದಲ್ಲಿ ಕ್ರಮ ಉಲ್ಟಾ ಇರಬೇಕು. ಮೊದಲು ನೀರು ನೋಡಿ, ಆಮೇಲೆ ಬ್ಲೇಡ್, ಕೊನೆಗೆ ರೇಜರ್.

ನೀರು

ಹುಬ್ಬಳ್ಳಿ-ಧಾರವಾಡದವರಿಗೆ ಮಲಪ್ರಭೆಯ ನೀರು, ನೀರಸಾಗರದ ನೀರು ಬಂದ ದಿನ ಸಬೂನು ಸರಾಗ ಬುರುಗು ಕಟ್ಟುತ್ತದೆ. ನಳಕ್ಕೆ ನೀರು ಬಾರದ ದಿನ ಬೋರಿನದೇ ಗತಿ. ಗದಗ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಬಳಸುವ ನೀರೆಂದರೆ ಬೋರಿನದೇ. ಬಕೀಟಿನ ಅಂಚಿನಲ್ಲಿ, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರು ಕಟ್ಟುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುತ್ತದೆ. ಅವು ಸಬೂನಿನ ಜೊತೆ ಸೇರಿ ಕರಗದ ಕೊಳೆಯಾಗುತ್ತವೆ. ಬುರುಗು ಆಗಬೇಕಾದ ಸಬೂನು ಹೀಗೆ ಮೊದಲೇ ಖರ್ಚಾಗಿಹೋಗುತ್ತದೆ. ಉಳಿದ ತೆಳು ನೊರೆ ಅರ್ಧ ಗಲ್ಲ ಮುಗಿಯುವುದರೊಳಗೆ ಒಣಗುತ್ತದೆ, ಒಣಗಿದ ಚರ್ಮದ ಮೇಲೆ ಬ್ಲೇಡ್ ಎಳೆಯುತ್ತದೆ. ಬೈಸಿಕೊಳ್ಳುವುದು ಮಾತ್ರ ಪಾಪ, ಬ್ಲೇಡು.

ಪರೀಕ್ಷೆ ಸುಲಭ. ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ನೀರು ಹಾಕಿ, ಸಾದಾ ಮೈಸಬೂನು ಸ್ವಲ್ಪ ತುರಿದು ಬಿಟ್ಟು, ಮುಚ್ಚಳ ಬಿಗಿದು ಜೋರಾಗಿ ಕುಲುಕಿ. ಮೇಲೆ ದಪ್ಪ ಬುರುಗು ನಿಂತು ಕೆಳಗಿನ ನೀರು ಹೆಚ್ಚುಕಡಿಮೆ ತಿಳಿಯಾಗಿದ್ದರೆ ನೀರು ಮೆದು. ಬುರುಗು ನಿಲ್ಲದೆ ನೀರು ಮಬ್ಬಾಗಿ ಬಿಳಿ ಕಣಗಳು ತೇಲಿದರೆ ಗಡಸು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೋಡಬೇಡಿ. ಡಿಟರ್ಜೆಂಟ್ ಗಡಸು ನೀರಲ್ಲೂ ಬುರುಗು ಕೊಡುತ್ತದೆ, ಪರೀಕ್ಷೆಗೆ ಅರ್ಥ ಉಳಿಯುವುದಿಲ್ಲ.

ಗಡಸು ಎಂದು ಗೊತ್ತಾದರೆ ಪರಿಹಾರ ನಿಮ್ಮ ಅಡುಗೆಮನೆಯ ಕ್ಯಾನಿನಲ್ಲೇ ಇದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ನಾಣ್ಯ ಹಾಕಿ ತರುವ ಆರ್‌ಒ ನೀರು ಅರ್ಧ ಕಪ್ ತೆಗೆದು ಬಿಸಿ ಮಾಡಿಕೊಳ್ಳಿ. ಬ್ರಷ್ ನೆನೆಸಲು, ಬುರುಗು ಕಟ್ಟಲು ಅಷ್ಟೇ ಸಾಕು. ಮುಖ ತೊಳೆಯಲು, ರೇಜರ್ ಜಾಲಾಡಿಸಲು ಬೋರಿನ ನೀರೇ ನಡೆಯುತ್ತದೆ. ಆರ್‌ಒ ನೀರು ಇಲ್ಲದಿದ್ದರೆ ಬೋರಿನ ನೀರನ್ನೇ ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿ ಬಳಸಿ. ಬೈಕಾರ್ಬೊನೇಟ್‌ನಿಂದ ಬಂದ ಗಡಸುತನ ಕುದಿಸಿದಾಗ ತಳಕ್ಕೆ ಇಳಿಯುತ್ತದೆ, ಸಲ್ಫೇಟ್, ಕ್ಲೋರೈಡ್‌ಗಳದ್ದು ಇಳಿಯುವುದಿಲ್ಲ. ಲಿಂಬೆ ಹಿಂಡಿದರೆ ಆದೀತು ಎನ್ನುವವರಿದ್ದಾರೆ. ಹುಳಿ ಹೆಚ್ಚಾದರೆ ಸಬೂನೇ ಒಡೆಯುತ್ತದೆ, ಕೊಯ್ದ ಜಾಗಕ್ಕೆ ತಾಗಿದರೆ ಉರಿ ಬೇರೆ. ಆ ಉಸಾಬರಿ ಬೇಡ.

ಸಂತೆ

ಹುಬ್ಬಳ್ಳಿಯ ದುರ್ಗದಬೈಲು, ಧಾರವಾಡದ ಸುಭಾಷ್ ರಸ್ತೆ, ಗದಗ ಅಥವಾ ಹಾವೇರಿಯ ಪೇಟೆ ಎಲ್ಲೇ ಆಗಲಿ, ಕಟ್ಲರಿ ಅಂಗಡಿಯ ಜೊತೆಗೆ ಸಲೂನಿಗೆ ಸಾಮಾನು ಕೊಡುವ ಅಂಗಡಿಯನ್ನೂ ಕೇಳಿಕೊಂಡು ಹೋಗಿ. ಬ್ಲೇಡಿನ ಇಡೀ ಡಬ್ಬಿ ಅಲ್ಲೇ ಅಗ್ಗ. ಮಾಲ್‌ನಲ್ಲಿ ಗಾಜಿನ ಕಪಾಟಿನೊಳಗಿರುವ ‘ಕಿಟ್’ ಕಡೆ ತಿರುಗಿಯೂ ನೋಡಬೇಡಿ. ಆ ದುಡ್ಡಿನ ಬಹುಪಾಲು ಡಬ್ಬಿಗೆ ಹೋಗುತ್ತದೆ.

ರೇಜರ್: ತಲೆ, ತಟ್ಟೆ, ಹಿಡಿಕೆ ಎಂದು ಮೂರು ಭಾಗವಾಗಿ ಬಿಚ್ಚುವುದನ್ನು ಕೊಳ್ಳಿ. ಹಿಡಿಕೆಯ ಬುಡ ತಿರುಗಿಸಿದರೆ ಎರಡು ಬಾಗಿಲು ತೆರೆಯುವ ಚಿಟ್ಟೆ ನಮೂನೆಯದೂ ಸಿಗುತ್ತದೆ, ನೋಡಲು ಚಂದ. ಆದರೆ ಗಡಸು ನೀರಿನ ಪದರು ಅದರ ಒಳಗಿನ ಕೀಲಿನಲ್ಲಿ ಕೂತರೆ ತೆಗೆಯುವುದು ತಲೆನೋವು. ಅಂಚು ಬಾಚಣಿಗೆಯ ಹಾಗೆ ಹಲ್ಲು ಹಲ್ಲಾಗಿ ತೆರೆದಿದ್ದರೆ ಈಗ ಬೇಡ, ನೇರ ಪಟ್ಟಿಯ ಮುಚ್ಚಿದ ಅಂಚಿನದು ಮೆದುವಾಗಿ ಹೋಗುತ್ತದೆ. ಹಿಡಿಕೆ ಲೋಹದ್ದಾಗಿ ಕೈಗೆ ಸ್ವಲ್ಪ ಭಾರ ಅನ್ನಿಸಬೇಕು. ಭಾರವೇ ಅರ್ಧ ಕೆಲಸ ಮಾಡುತ್ತದೆ.

ಮನೆಯ ಟ್ರಂಕಿನಲ್ಲಿ ಅಜ್ಜನ ಹಿತ್ತಾಳೆ ರೇಜರ್ ಇದ್ದರೆ ಕೊಳ್ಳುವ ಖರ್ಚೂ ಇಲ್ಲ. ಬೆಚ್ಚಗಿನ ಸಬೂನು ನೀರಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಣಗಿಸಿ, ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ. ಬ್ಲೀಚಿಂಗ್ ಪುಡಿ ಹತ್ತಿರವೂ ಬೇಡ, ಲೋಹ ಕರ್ರಗಾಗುತ್ತದೆ. ಆಮೇಲೆ ಬ್ಲೇಡ್ ಹಾಕಿ ಕಣ್ಣೆತ್ತರಕ್ಕೆ ಹಿಡಿದು ತುದಿಯಿಂದ ನೋಡಿ. ಎರಡೂ ಕಡೆ ಅಲಗು ಒಂದೇ ಸಮ ಹೊರಗೆ ಕಾಣಬೇಕು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇದ್ದು, ಸಡಿಲಿಸಿ ಮತ್ತೆ ಬಿಗಿದರೂ ಸರಿಹೋಗದಿದ್ದರೆ ತಟ್ಟೆ ಸೊಟ್ಟಗಾಗಿದೆ. ಅಂಥದ್ದು ಷೋಕೇಸಿಗೆ ಸರಿ, ಮುಖಕ್ಕಲ್ಲ.

ಬ್ಲೇಡ್: ದುಡ್ಡು ಹಾಕಬೇಕಾದ ಜಾಗ ಇದು. ಸಾವಿರದ ರೇಜರ್ ಒಂದನ್ನು ಕೊಳ್ಳುವ ಬದಲು ನೂರು ರೂಪಾಯಿಯೊಳಗೆ ನಾಲ್ಕೈದು ಬಗೆಯ ಬ್ಲೇಡಿನ ಒಂದೊಂದು ಚಿಕ್ಕ ಪ್ಯಾಕೆಟ್ ತನ್ನಿ. ಟೋಪಾಜ್, ಲೇಸರ್, ಸೂಪರ್‌ಮ್ಯಾಕ್ಸ್, ಸೆವೆನ್ ಓ ಕ್ಲಾಕ್, ವಿಲ್ಕಿನ್ಸನ್ ಸ್ವೋರ್ಡ್, ಹೀಗೆ ನಮ್ಮ ಪೇಟೆಗೆ ಪರಿಚಯದ ಹೆಸರುಗಳೇ ಇವೆ. ಪೊಟ್ಟಣದ ಮೇಲೆ ಸ್ಟೇನ್‌ಲೆಸ್ ಎಂದಿರುವುದನ್ನೇ ನೋಡಿ ಕೊಳ್ಳಿ, ಬರೀ ಕಾರ್ಬನ್ ಸ್ಟೀಲಿನದು ಬಚ್ಚಲಿನ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಜಪಾನಿನ ಫೆದರ್ ಬಹಳ ಹರಿತ ಎಂದು ಹೆಸರುವಾಸಿ, ಅದೇ ಕಾರಣಕ್ಕೆ ಶುರುವಿನಲ್ಲಿ ಬೇಡ. ಗೆಳೆಯನಿಗೆ ಬೆಣ್ಣೆಯಂತೆ ಹೋಗುವ ಬ್ಲೇಡ್ ನಿಮಗೆ ಎಳೆಯಬಹುದು. ಕೂದಲು, ಚರ್ಮ, ರೇಜರಿನ ಕೋನ ಎಲ್ಲ ಸೇರಿ ಆಗುವ ತೀರ್ಮಾನ ಅದು. ಆದ್ದರಿಂದ ಮೊದಲ ತಿಂಗಳು ಒಂದೇ ಬಗೆಯ ಬ್ಲೇಡ್ ಇಟ್ಟುಕೊಂಡು ಕೈ ಕೂಡಿಸಿ. ಕೈ ಕೂಡಿದ ಮೇಲೆ ಬ್ಲೇಡ್ ಮಾತ್ರ ಬದಲಿಸಿ, ಕ್ರೀಮು, ರೇಜರ್ ಅದೇ ಇರಲಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಉರಿ ಬಂತು ಎಂದು ತಿಳಿಯುವುದೇ ಇಲ್ಲ.

ಬ್ರಷ್: ಸಿಂಥೆಟಿಕ್ ಕೂದಲಿನದು ಸಾಕು. ನೆನೆಹಾಕುವ ಕೆಲಸವಿಲ್ಲ, ಬೇಗ ಒಣಗುತ್ತದೆ. ಧಾರವಾಡದ ಜಡಿಮಳೆಯ ತಿಂಗಳುಗಳಲ್ಲಿ ಇದು ಸಣ್ಣ ಮಾತಲ್ಲ, ಹಂದಿಗೂದಲಿನ ಬ್ರಷ್ ಆಗ ಮುಗ್ಗಲು ವಾಸನೆ ಹಿಡಿಯುತ್ತದೆ.

ಕ್ರೀಮು: ಗೋದ್ರೇಜ್, ಪಾಮೋಲಿವ್, ವಿ-ಜಾನ್, ಓಲ್ಡ್ ಸ್ಪೈಸ್, ಯಾವ ಟ್ಯೂಬಾದರೂ ಆದೀತು. ಡಬ್ಬಿಯಿಂದ ಪುಸ್ಸೆಂದು ಬರುವ ಫೋಮ್ ಬಿಡಿ. ಒಂದು ದಾಡಿಗೆ ಬೀಳುವ ಖರ್ಚು ನೋಡಿದರೆ ಅದು ದುಬಾರಿ, ಕೂದಲನ್ನು ನೆನೆಸುವುದೂ ಕಡಿಮೆ. ಮೈಸಬೂನೂ ಬೇಡ. ದಾಡಿಯ ಸಬೂನಿನಲ್ಲಿ ಸ್ಟಿಯರಿಕ್ ಆಮ್ಲದ ಪೊಟ್ಯಾಸಿಯಂ ಲವಣ ಇರುವುದರಿಂದ ಬುರುಗು ದಪ್ಪವಾಗಿ, ಒದ್ದೆಯಾಗಿ ನಿಲ್ಲುತ್ತದೆ. ಮೈಸಬೂನಿನದು ಆರಿಹೋಗುತ್ತದೆ.

ತುರಟಿ: ಪಟಿಕದ ಕಲ್ಲು. ಮಳೆಗಾಲದಲ್ಲಿ ಕೆಂಪು ನೀರು ತಿಳಿಯಾಗಿಸಲು ಕೊಡಕ್ಕೆ ತಿರುಗಿಸುತ್ತಿದ್ದರಲ್ಲ, ಅದೇ. ಕಿರಾಣಿ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ತುಂಡು ವರ್ಷಗಟ್ಟಲೆ ಬರುತ್ತದೆ.

ಕೂದಲು ಬೆಳೆಯುವ ದಿಕ್ಕು

ಎರಡು ದಿನದ ಗಡ್ಡ ಇರುವಾಗ ಬೆರಳ ತುದಿಯಿಂದ ಮುಖ ಸವರಿ ನೋಡಿ. ನುಣ್ಣಗೆ ಜಾರಿದರೆ ಅದು ಕೂದಲಿನ ದಿಕ್ಕು, ಚುಚ್ಚಿದರೆ ಎದುರು ದಿಕ್ಕು. ಗಲ್ಲದ ಮೇಲೆ ಬಹುಪಾಲು ಎಲ್ಲರಿಗೂ ಮೇಲಿಂದ ಕೆಳಕ್ಕೇ ಇರುತ್ತದೆ. ಕುತ್ತಿಗೆಯ ಕಥೆ ಬೇರೆ. ಗಂಟಲಮಣಿಯ ಅಕ್ಕಪಕ್ಕ ಅಡ್ಡಕ್ಕೆ, ಕೆಲವರಿಗೆ ಕೆಳಗಿನಿಂದ ಮೇಲಕ್ಕೆ, ಕೆಲವರಿಗೆ ಸುಳಿಯಾಗಿಯೂ ಬೆಳೆಯುತ್ತದೆ. ಕಾಗದದ ಮೇಲೆ ಮುಖದ ಗೆರೆ ಎಳೆದು ಬಾಣ ಹಾಕಿಕೊಂಡು ಕನ್ನಡಿಯ ಪಕ್ಕ ಅಂಟಿಸಿ. ಮನೆಯವರು ನಕ್ಕಾರು, ನಗಲಿ. ಕುತ್ತಿಗೆಯಲ್ಲಿ ಗುಳ್ಳೆ ಏಳುವವರಲ್ಲಿ ಬಹಳ ಮಂದಿ ಕೂದಲಿಗೆ ಎದುರಾಗಿ ಎಳೆಯುತ್ತಿರುವುದು ಗೊತ್ತಿಲ್ಲದೆಯೇ ಎಳೆಯುತ್ತಿರುತ್ತಾರೆ.

ಮೊದಲ ದಾಡಿ

ಗಡಿಬಿಡಿ ಇಲ್ಲದ ದಿನ ನೋಡಿಕೊಳ್ಳಿ. ಲಗ್ನಕ್ಕೆ ಹೊರಡುವ ಮುಂಜಾನೆ ಹೊಸ ರೇಜರ್ ಹಿಡಿಯುವುದು ಬೇಡ. ಸ್ನಾನ ಆದ ಕೂಡಲೇ ಕೂತರೆ ಉತ್ತಮ. ನೀರು ಕುಡಿದ ಕೂದಲು ಮೆತ್ತಗಾಗಿರುತ್ತದೆ, ಕತ್ತರಿಸಲು ಬೇಕಾಗುವ ಬಲ ಬಹಳ ಕಡಿಮೆ. ಇಲ್ಲವೇ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಎರಡು ಮೂರು ನಿಮಿಷ ಮುಖದ ಮೇಲಿಡಿ.

ಬ್ಲೇಡನ್ನು ಯಾವಾಗಲೂ ಅಲಗಿಲ್ಲದ ಎರಡು ಕಿರುಬದಿಗಳಲ್ಲಿ ಹಿಡಿಯಿರಿ. ರೇಜರಿನ ತಲೆಯನ್ನು ಮಗುಚಿ, ಬ್ಲೇಡ್ ಕೂರಿಸಿ, ಮೇಲೆ ತಟ್ಟೆ ಇಟ್ಟು ಹಿಡಿಕೆ ತಿರುಗಿಸಿ. ಬಿಗಿ ಸಾಕು, ಜಟ್ಟಿಯ ಪಟ್ಟು ಬೇಡ.

ಇನ್ನು ಬುರುಗು. ಬಿಸಿ ಮಾಡಿದ ಆ ಅರ್ಧ ಕಪ್ ನೀರಲ್ಲಿ ಬ್ರಷ್ ಅದ್ದಿ ಎರಡು ಸಲ ಝಾಡಿಸಿ, ತೊಟ್ಟಿಕ್ಕಬಾರದು. ಬಾದಾಮಿ ಗಾತ್ರದ ಕ್ರೀಮನ್ನು ನೇರವಾಗಿ ಒದ್ದೆ ಗಲ್ಲಕ್ಕೇ ಹಚ್ಚಿ ಬ್ರಷ್ ಸುತ್ತಿಸಲು ಶುರುಮಾಡಿ. ಮೊದಲ ಅರ್ಧ ನಿಮಿಷ ಅಂಟಂಟು ಪೇಸ್ಟ್ ಆಗಿರುತ್ತದೆ. ಆಗ ಬ್ರಷ್‌ನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ ಮತ್ತೆ ಸುತ್ತಿಸಿ. ನಾಲ್ಕು ಹನಿ ನೀರು, ಹತ್ತು ಸುತ್ತು. ಮತ್ತೆ ನಾಲ್ಕು ಹನಿ. ಹೀಗೆ ಎರಡು ನಿಮಿಷ ಹೋದಾಗ ದೊಡ್ಡ ಗುಳ್ಳೆಗಳು ಮಾಯವಾಗಿ ಬುರುಗಿಗೆ ಒಂದು ಹೊಳಪು ಬರುತ್ತದೆ. ಆ ಹೊಳಪೇ ಗುರುತು. ಬೆರಳಲ್ಲಿ ತೆಗೆದು ಹೆಬ್ಬೆರಳಿನ ಜೊತೆ ತಿಕ್ಕಿದರೆ ಜಾರಬೇಕು. ಗುಡ್ಡೆಗುಡ್ಡೆಯಾಗಿ ನಿಂತು ಒಣ ಅನ್ನಿಸಿದರೆ ನೀರು ಕಡಿಮೆ, ಗಲ್ಲದಿಂದ ಇಳಿದು ಕುತ್ತಿಗೆಗೆ ಹರಿದರೆ ಹೆಚ್ಚು. ನೋಡಲು ರಾಶಿ ರಾಶಿ ಇರಬೇಕಿಲ್ಲ. ಚರ್ಮಕ್ಕೆ ತಾಗಿರುವ ತೆಳು ಪದರು ಒದ್ದೆಯಾಗಿದ್ದರೆ ಆಯಿತು.

ಕೋನ ಹುಡುಕುವುದು ಹೀಗೆ. ಹಿಡಿಕೆ ನೆಲಕ್ಕೆ ಸಮಾಂತರವಾಗಿ, ತಲೆಯ ಮೇಲ್ಭಾಗ ಮಾತ್ರ ಗಲ್ಲಕ್ಕೆ ತಾಗುವಂತೆ ಹಿಡಿಯಿರಿ. ಇಲ್ಲಿ ಅಲಗು ಮುಟ್ಟುವುದಿಲ್ಲ. ಈಗ ಹಿಡಿಕೆಯನ್ನು ನಿಧಾನ ಕೆಳಗಿಳಿಸುತ್ತ ರೇಜರನ್ನು ಚೂರೇಚೂರು ಕೆಳಕ್ಕೆ ಎಳೆಯಿರಿ. ಒಂದು ಹಂತದಲ್ಲಿ ಕೂದಲು ಕತ್ತರಿಸುವ ಚರಚರ ಸದ್ದು ಕೇಳುತ್ತದೆ, ಅಲ್ಲಿಗೆ ನಿಲ್ಲಿಸಿ. ಬ್ಲೇಡಿಗೂ ಚರ್ಮಕ್ಕೂ ಸುಮಾರು 30 ಡಿಗ್ರಿ ಆಗಿರುತ್ತದೆ. ಆ ಸದ್ದು ಇರುವವರೆಗೆ ಕೋನ ಸರಿ. ಬಚ್ಚಲಲ್ಲಿ ಮೊಬೈಲಿನ ಹಾಡು ಒಂದೆರಡು ವಾರ ಬಂದ್ ಇರಲಿ.

ಮತ್ತೆ, ಒತ್ತಬೇಡಿ. ಕಾರ್ಟ್ರಿಜ್ ಒತ್ತಿ ಎಳೆದು ರೂಢಿಯಾದ ಕೈ ಇಲ್ಲೂ ಒತ್ತಲು ಹೋಗುತ್ತದೆ, ರಕ್ತ ಬರುವುದು ಅಲ್ಲೇ. ಹಿಡಿಕೆಯನ್ನು ತುದಿಯ ಕಡೆ ಎರಡು ಮೂರು ಬೆರಳಲ್ಲಿ ಹಿಡಿದರೆ ಒತ್ತಲು ಬಲವೇ ಸಿಗುವುದಿಲ್ಲ. ಎರಡು ಮೂರು ಸೆಂಟಿಮೀಟರಿನ ಸಣ್ಣ ಎಳೆತ, ಎರಡು ಎಳೆತಕ್ಕೊಮ್ಮೆ ಮಗ್ಗಿನ ನೀರಲ್ಲಿ ಜಾಲಾಡಿಸಿ ರೇಜರಿನ ಇನ್ನೊಂದು ಮಗ್ಗಲು ತಿರುಗಿಸಿ. ನಳ ಬಿಟ್ಟುಕೊಂಡು ಕೂರುವ ಅಗತ್ಯ ಇಲ್ಲ, ಇಡೀ ದಾಡಿ ಒಂದು ಚರಗಿ ನೀರಲ್ಲಿ ಮುಗಿಯುತ್ತದೆ. ರೇಜರನ್ನು ಎಂದೂ ಅಲಗಿನ ಉದ್ದಕ್ಕೆ ಜಾರಿಸಬೇಡಿ. ಆಳವಾಗಿ ಕೊಯ್ಯುವುದು ಹಾಗೆ ಜಾರಿದಾಗಲೇ.

ಗಲ್ಲದಿಂದ ಶುರುಮಾಡಿ. ಕಿವಿಯ ಹತ್ತಿರ ಚರ್ಮವನ್ನು ಇನ್ನೊಂದು ಕೈಯಿಂದ ಮೇಲಕ್ಕೆ ಎಳೆದು ಹಿಡಿಯಿರಿ. ಆಮೇಲೆ ದವಡೆ, ಕುತ್ತಿಗೆ. ದವಡೆಯ ಅಂಚಿನಲ್ಲಿ ಕೋನ ತಪ್ಪುವುದು ಸಹಜ. ಅಲ್ಲಿ ರೇಜರ್ ತಿರುಗಿಸುವ ಬದಲು ಚರ್ಮವನ್ನೇ ಗಲ್ಲದ ಮೇಲಕ್ಕೆ ಎಳೆದುಕೊಂಡು ಸಪಾಟು ಜಾಗದಲ್ಲಿ ಕೆಲಸ ಮುಗಿಸಿ. ಮೇಲ್ತುಟಿ, ಗದ್ದ ಕೊನೆಗಿರಲಿ. ಅಲ್ಲಿನ ಕೂದಲು ಗಡುಸು, ಹೆಚ್ಚು ಹೊತ್ತು ನೆನೆದಷ್ಟೂ ಒಳ್ಳೆಯದು. ಮೇಲ್ತುಟಿಯನ್ನು ಹಲ್ಲಿನ ಮೇಲೆ ಬಿಗಿಯಾಗಿ ಮಡಚಿ, ಮೂಗಿನ ಕೆಳಗಿಂದ ಸಣ್ಣ ಸಣ್ಣ ಎಳೆತ.

ಮೊದಲ ಎರಡು ವಾರ ಕೂದಲಿನ ದಿಕ್ಕಿಗೆ ಒಂದೇ ಸುತ್ತು. ಮುಖ ಪೂರ್ತಿ ನುಣ್ಣಗಾಗುವುದಿಲ್ಲ, ಸಂಜೆಗೆ ಕೈಗೆ ತರಿತರಿ ತಾಗುತ್ತದೆ. ತಾಗಲಿ ಬಿಡಿ. ಉರಿ ಇಲ್ಲದೆ ಒಂದು ಸುತ್ತು ಬಂತೆಂದರೆ ಮತ್ತೆ ಬುರುಗು ಹಚ್ಚಿ ಕೂದಲಿಗೆ ಅಡ್ಡ ದಿಕ್ಕಿನಲ್ಲಿ ಎರಡನೇ ಸುತ್ತು. ಎದುರು ದಿಕ್ಕಿನ ಮೂರನೇ ಸುತ್ತು ಎಲ್ಲರ ಚರ್ಮಕ್ಕೂ ಆಗಿಬರುವುದಿಲ್ಲ, ಒಳಗೂದಲಿನ ತೊಂದರೆ ಇರುವವರಿಗಂತೂ ಬೇಡವೇ ಬೇಡ. ಬುರುಗು ಇಲ್ಲದ ಜಾಗಕ್ಕೆ ಬ್ಲೇಡ್ ತಾಗಿಸುವುದು ಎಷ್ಟನೇ ಸುತ್ತಿನಲ್ಲೂ ಇಲ್ಲ.

ಆದಮೇಲೆ

ತಣ್ಣೀರಿನಿಂದ ಮುಖ ತೊಳೆದು, ಒದ್ದೆ ಮುಖಕ್ಕೆ ತುರಟಿಯನ್ನು ಮೆಲ್ಲಗೆ ಸವರಿ. ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಸಣ್ಣ ಗೀರಿನ ರಕ್ತ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಉಪಯೋಗ, ಎಲ್ಲಿ ಚುರ್ ಅಂತೋ ಅಲ್ಲಿ ನೀವು ಒತ್ತಿದ್ದೀರಿ ಎಂಬ ವರದಿ ಕೈಗೆ ಸಿಗುತ್ತದೆ. ಪ್ರತಿ ಸಲ ಒಂದೇ ಜಾಗ ಉರಿದರೆ ಆ ಜಾಗದ ಬಾಣ ಮತ್ತೆ ಪರೀಕ್ಷಿಸಿ. ತುರಟಿ ಚರ್ಮವನ್ನು ಒಣಗಿಸುತ್ತದೆ, ಗದಗಿನ ಚಳಿಗಾಲದ ಒಣ ಗಾಳಿಗೆ ಬಿರಿಯುವ ಮುಖದವರು ಮೇಲೊಂದಿಷ್ಟು ಸಾದಾ ಮಾಯಿಶ್ಚರೈಸರ್ ಹಚ್ಚಲಿ. ಕೊಬ್ಬರಿ ಎಣ್ಣೆ ಮೊಡವೆ ಇಲ್ಲದವರಿಗೆ ಸರಿ, ಮೊಡವೆ ಏಳುವವರಿಗೆ ರಂಧ್ರ ಮುಚ್ಚಿ ಹೆಚ್ಚಿಸಬಹುದು.

ಬ್ಲೇಡ್ ಎಳೆಯಲು ಶುರುವಾದ ದಿನವೇ ಬಿಸಾಕಿ. ಮೂರು ರೂಪಾಯಿಗೆ ಜಿಪುಣತನ ಮಾಡಿ ಮುಖ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಟವೆಲಿನಿಂದ ಅಲಗು ಒರೆಸುವುದು ಬೇಡ, ಅಲಗೂ ಹಾಳು ಬೆರಳೂ ಹಾಳು. ತೊಳೆದು, ಹಿಡಿಕೆ ಸ್ವಲ್ಪ ಸಡಿಲಿಸಿ, ಝಾಡಿಸಿ ಇಟ್ಟರಾಯಿತು. ಬೋರಿನ ನೀರಿನ ಬಿಳಿ ಪದರು ರೇಜರಿನ ಮೇಲೆ ಕಂಡಾಗ ನೀರು ಬೆರೆಸಿದ ವಿನೆಗರಿನಲ್ಲಿ ಕೆಲವೇ ನಿಮಿಷ ಅದ್ದಿ ತಿಕ್ಕಿ ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ಲೇಪವೇ ಹೋದೀತು.

ಅಪ್ಪ-ಮಗ, ಅಣ್ಣ-ತಮ್ಮ ಎಂದು ಒಂದೇ ಬ್ಲೇಡ್, ಒಂದೇ ತುರಟಿ ಹಂಚಿಕೊಳ್ಳುವ ರೂಢಿ ನಮ್ಮ ಮನೆಗಳಲ್ಲಿದೆ. ಹೆಪಟೈಟಿಸ್ ಬಿ, ಸಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ರೇಜರ್, ಬ್ಲೇಡ್, ತುರಟಿ ಮೂರೂ ಒಬ್ಬೊಬ್ಬರಿಗೆ ಬೇರೆಬೇರೆ ಇರಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗಾಯ ಬೇಗ ಮಾಯದ ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳಿಯೇ ಬ್ಲೇಡ್ ಹಿಡಿಯಲಿ.

ಹಳೇ ಬ್ಲೇಡನ್ನು ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ. ಓಣಿಗೆ ಬರುವ ಕಸದ ಗಾಡಿಯಲ್ಲಿ ಅದನ್ನು ಕೈಯಿಂದ ಬೇರ್ಪಡಿಸುವವರು ಪೌರಕಾರ್ಮಿಕರು. ಖಾಲಿ ಟಾಲ್ಕಮ್ ಪೌಡರಿನ ತಗಡಿನ ಡಬ್ಬಿಯ ಮುಚ್ಚಳ ಅಂಟಿಸಿ, ಪಕ್ಕಕ್ಕೊಂದು ಸೀಳು ಮಾಡಿ, ಬಳಸಿದ ಬ್ಲೇಡನ್ನೆಲ್ಲ ಅದರೊಳಗೆ ಇಳಿಬಿಡಿ. ವರ್ಷಗಳು ಕಳೆದು ತುಂಬಿದಾಗ ಸೀಳಿಗೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ದೊಡ್ಡದಾಗಿ ಬರೆದು ಕೊಡಿ. ಹುಬ್ಬಳ್ಳಿಯಿಂದ ವಿಮಾನ ಹತ್ತುವವರು ಬ್ಲೇಡನ್ನು ಕೈಚೀಲದಲ್ಲಿ ಇಡುವಂತಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಿ.

ಕೊನೆಗೆ ಶ್ರಾವಣದ ಮಾತು. ಸೋಮವಾರ, ಅಮಾವಾಸ್ಯೆ ಬ್ಲೇಡ್ ಮುಟ್ಟದ ಮನೆಗಳು ನಮ್ಮಲ್ಲಿವೆ, ಆ ಬಿಡುವು ಚರ್ಮಕ್ಕೆ ಒಳ್ಳೆಯದೇ. ಶ್ರಾವಣದ ತಿಂಗಳಿಡೀ ಗಡ್ಡ ಬಿಡುವವರು ಮಾತ್ರ ಮುಗಿದ ಮರುದಿನ ನೇರವಾಗಿ ರೇಜರ್ ಹಿಡಿಯಬಾರದು. ಉದ್ದ ಕೂದಲು ಬ್ಲೇಡಿಗೂ ತಟ್ಟೆಗೂ ನಡುವೆ ಸಿಕ್ಕಿಕೊಂಡು ಎಳೆಯುತ್ತದೆ, ಕೈ ತಾನಾಗಿ ಒತ್ತುತ್ತದೆ. ಮೊದಲು ಟ್ರಿಮ್ಮರಿನಿಂದ, ಅದಿಲ್ಲದಿದ್ದರೆ ಕತ್ತರಿ-ಬಾಚಣಿಗೆಯಿಂದ ಆದಷ್ಟು ಗಿಡ್ಡ ಮಾಡಿಕೊಳ್ಳಿ. ಹೊಸ ಬ್ಲೇಡ್ ಹಾಕಿ, ಬುರುಗು ಎರಡು ನಿಮಿಷ ಹೆಚ್ಚು ತಿಕ್ಕಿ, ಕೂದಲಿನ ದಿಕ್ಕಿಗೆ ಒಂದೇ ಸುತ್ತು ಎಳೆದು ಬಿಡಿ. ಎರಡನೇ ಸುತ್ತು ಮುಂದಿನ ದಾಡಿಗೆ.